ಹೆಬ್ಬೆಟ್ಟಿನ ಕೆಳಗೆ ಎಂಟು ಜೋಡಿ

ಬೆಳಗಿನ ಆರೂವರೆ. ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಇನ್ನೂ ದೀಪ ಹಾಕಿಲ್ಲ. ಗೋಡೆಯುದ್ದಕ್ಕೂ ಇಟ್ಟ ಗಾಜಿನ ಜಾಡಿಗಳಲ್ಲಿ ಬಣ್ಣ ಕಳೆದುಕೊಂಡ ಹೂವು, ಬೇರುಗಳು ಅಲುಗದೆ ತೇಲುತ್ತಿವೆ. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತ ಅಟೆಂಡರ್ ಹೆಂಗಸು, ಹಿತ್ತಲ ಪಾತಿಯಿಂದ ಈಗಷ್ಟೇ ಕಿತ್ತು ತಂದ ಈರುಳ್ಳಿ ಹೂವಿನ ಮೊಗ್ಗುಗಳನ್ನು ಮದ್ಯಸಾರ ಬೆರೆಸಿದ ದ್ರಾವಣದ ಬಾಟಲಿಗೆ ಹಾಕುತ್ತಿದ್ದಾರೆ.

"ಹೊತ್ತೇರಿದ್ರೆ ಇವು ಕೆಲಸ ಮುಗಿಸಿಬಿಡ್ತವೆ. ಒಳಗೆ ಜೀವಕಣ ಒಡೀತಾ ಇರುವಾಗ್ಲೇ ಹಿಡೀಬೇಕು. ಬಾಟಲಿಗೆ ಬಿದ್ದ ತಕ್ಷಣ ಇದ್ದ ಹಾಗೇ ನಿಂತುಬಿಡ್ತವೆ. ಸತ್ತಿದೀವಿ ಅಂತ ಅವಕ್ಕೆ ಗೊತ್ತೇ ಆಗಲ್ಲ," ಎನ್ನುತ್ತಾರೆ, ಬಹಳ ಮೆತ್ತಗೆ.

ನಿನ್ನೆ ಬಾಟಲಿಗೆ ಹಾಕಿಟ್ಟ ಮೊಗ್ಗುಗಳಲ್ಲಿ ಅರ್ಧ ಅಕ್ಕಿಕಾಳಿನಷ್ಟಿರುವವನ್ನು ಆರಿಸುತ್ತಾರೆ. ನಲವತ್ತರಲ್ಲಿ ಮೂರು ಸಿಕ್ಕರೆ ಹೆಚ್ಚು. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಕೆಂಪು ಬಣ್ಣ, ಅದರಲ್ಲಿ ಮೊಗ್ಗಿನೊಳಗಿನ ಪರಾಗಕೋಶ, ಮೇಲೊಂದು ತೆಳು ಗಾಜು, ಅದರ ಮೇಲೆ ಬ್ಲಾಟಿಂಗ್ ಪೇಪರ್. ಆಮೇಲೆ ಹೆಬ್ಬೆರಳು. ಜಾಸ್ತಿ ಒತ್ತಿದರೆ ಜೀವಕಣದೊಳಗಿನ ವರ್ಣತಂತುಗಳ ಎಳೆಗಳು ಚದುರುತ್ತವೆ, ಕಮ್ಮಿಯಾದರೆ ಒಂದರ ಮೇಲೊಂದು ಬೀಳುತ್ತವೆ. ಪರೀಕ್ಷೆಯ ದಿನ ಇಂಥ ಎಂಬತ್ತು ಸ್ಲೈಡುಗಳು ಬೇಕು.

ಮೂವತ್ತೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ದಿನ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕೆ ಬಿದ್ದ ಹೆಸರು 'ಹೆಬ್ಬೆಟ್ಟಕ್ಕ'. ಸಹಿ ಕಲಿತರೂ ಹೆಸರು ಅಂಟಿಕೊಂಡೇ ಉಳಿಯಿತು. "ಓದು ಬರಲ್ಲ ಅಂತ ಆಡ್ಕೊಂಡ್ರು. ಈಗ ಓದಿದೋರೆಲ್ಲ ಇದೇ ಬೆರಳು ಹುಡುಕ್ಕೊಂಡು ಬರ್ತಾರೆ," ಎಂದು ನಗುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ಎಂಟು ಜೋಡಿ ಕೆಂಪು ಎಳೆಗಳು. ಪ್ರತಿ ಜೋಡಿಯಲ್ಲೂ ಒಂದು ತಾಯಿ ಕಡೆಯದು, ಒಂದು ತಂದೆ ಕಡೆಯದು. ಬೇರೆಯಾಗುವ ಮುನ್ನ ಒಂದನ್ನೊಂದು ತಬ್ಬಿ, ಮೈಯ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಯಾವುದು ಯಾವ ಪರಾಗಕ್ಕೆ ಹೋಗುತ್ತದೋ ಹೇಳುವವರಿಲ್ಲ. ಬರೀ ಎಂಟು ಜೋಡಿ ಹಂಚಿಕೆಯಾಗುವ ಬಗೆಯೇ ಇನ್ನೂರ ಐವತ್ತಾರು. ಮನುಷ್ಯರ ಇಪ್ಪತ್ಮೂರು ಜೋಡಿಗೆ ಎಂಬತ್ತು ಲಕ್ಷಕ್ಕೂ ಮೇಲೆ ಎಂದು ಪಾಠ ಮಾಡುವ ಮೇಡಂ ಒಮ್ಮೆ ಹೇಳಿದಾಗ ಇವರು ಕೂತಲ್ಲೇ ಅತ್ತಿದ್ದರು. ಯಾಕೆಂದು ಮೇಡಂಗೆ ಹೊಳೆಯಲಿಲ್ಲ.

ಮನೆಯಲ್ಲಿ ಮಗಳದ್ದು ಬೆಕ್ಕಿನ ಕಣ್ಣು. ಗಂಡನ ಕಡೆಯಾಗಲಿ ಇವರ ಕಡೆಯಾಗಲಿ ಅಂಥ ಕಣ್ಣನ್ನು ಇವರು ಕಂಡಿರಲಿಲ್ಲ. ತೊಟ್ಟಿಲಿಗೆ ಬಗ್ಗಿ ನೋಡಿದ ಅತ್ತೆ, "ಇದು ಯಾವ ಮನೇದೋ!" ಎಂದು ಹಿಂದೆ ಸರಿದರು. ಆ ಮಾತು ಇಪ್ಪತ್ತಾರು ವರ್ಷ ಊಟದ ತಟ್ಟೆಯ ಪಕ್ಕದಲ್ಲೇ ಕೂತಿತ್ತು. ಗಂಡ ಏನೂ ಕೇಳಲಿಲ್ಲ. ಕೇಳದಿದ್ದುದೇ ಇವರನ್ನು ಹೆಚ್ಚು ಸುಟ್ಟಿತು.

ಅತ್ತೆಗೀಗ ನೆನಪು ಕಲಸಿಹೋಗಿದೆ. ಹೋದ ತಿಂಗಳು ಏಳು ತಿಂಗಳ ಬಸುರಿ ಮಗಳು ಮನೆಗೆ ಬಂದಾಗ, ಹಾಸಿಗೆ ಬಿಟ್ಟೇಳದ ಮುದುಕಿ ತಾನಾಗಿ ಎದ್ದು ಬಂದು ಅವಳ ಕೈ ಹಿಡಿದರು.

"ಅಕ್ಕಾ, ಇಷ್ಟು ವರ್ಷ ಎಲ್ಲಿದ್ಯೇ? ಕಣ್ಣು ಹಾಗೇ ಇಟ್ಕೊಂಡಿದೀಯಲ್ಲೇ..."

"ಅಜ್ಜಿ, ನಾನು ನಿಮ್ಮ ಮೊಮ್ಮಗಳು!"

"ಸುಮ್ನಿರೇ. ನಿನ್ನ ಹೆಣ ನಾನೇ ನೋಡಿದೀನಿ."

ಮಗಳು ಕೈ ಬಿಡಿಸಿಕೊಂಡಳು. ಅತ್ತೆಗೆ ಅಕ್ಕನಿದ್ದ ಸುದ್ದಿಯೇ ಮನೆಯವರಿಗೆ ಗೊತ್ತಿರಲಿಲ್ಲ. ಅತ್ತೆಯ ತಮ್ಮನಿಗೆ ಗಂಡ ಫೋನು ಮಾಡಿದಾಗ ಅವರು ಮೊದಲು, ಪಕ್ಕದಲ್ಲಿ ಯಾರಿದ್ದಾರೆಂದು ಕೇಳಿದರು. ಆಮೇಲೆ, "ಇದ್ದಳು. ಹದಿನೆಂಟಕ್ಕೇ ತೀರಿಹೋದಳು. ಅವಳ ಸುದ್ದಿ ಎತ್ತಬಾರದು ಅಂತ ಅಪ್ಪ ಹೇಳಿದ್ದರು. ಬೆಕ್ಕಿನ ಕಣ್ಣು, ಹೌದು."

ಗಂಡ ಫೋನು ಕೆಳಗಿಟ್ಟು ಹೆಂಡತಿಯ ಮುಖ ನೋಡಲಾರದೆ ಅಡುಗೆಮನೆಗೆ ಹೋಗಿ, ಎರಡು ಲೋಟ ಚಹಾ ಮಾಡಿ ತಂದರು. ಮದುವೆಯಾದ ಮೇಲೆ ಅದೇ ಮೊದಲು.

"ಅತ್ತೆಗೆ ತೊಟ್ಟಿಲಲ್ಲೇ ಗುರುತು ಸಿಕ್ಕಿತ್ತು ಕಣ್ರೀ. ಸತ್ತೋರು ವಾಪಸ್ ನೋಡಿದ್ರೆ ಯಾರಿಗೆ ಭಯ ಆಗಲ್ಲ? ಆ ಭಯಾನ ನನ್ನ ತಲೆಗೆ ಕಟ್ಟಿದ್ರು," ಎನ್ನುತ್ತಾರೆ ಹೆಬ್ಬೆಟ್ಟಕ್ಕ. ಸಿಟ್ಟಿಲ್ಲವೇ? "ಇದೆ. ಅವರ ತಲೆ ಬಾಚುವಾಗ ಒಂದೊಂದು ಸಲ ಸಿಕ್ಕು ಜೋರಾಗೇ ಎಳೀತೀನಿ."

ಇನ್ನೊಂದು ತಿಂಗಳಿಗೆ ಮೊಮ್ಮಗು. ಅದರ ಮುಖದಲ್ಲಿ ಯಾರು ಕೂತು ಬರುತ್ತಾರೋ ಎಂದು ಮಗಳಿಗೆ ಈಗ ನಿದ್ದೆಯಿಲ್ಲ. ಇವರಿಗಿರುವುದು ಒಂದೇ ಆಸೆ.

"ಹೆರಿಗೆ ವಾರ್ಡಿಗೆ ಬರೋರು ಮೊದ್ಲು ಬಾಣಂತಿ ಹೇಗಿದಾಳೆ ಅಂತ ಕೇಳ್ಲಿ. ಮಗು ಯಾರ ಹಾಗಿದೆ ಅಂತ ಬಾಯಿ ತೆಗೆದೋರಿಗೆ ಬಾಗಿಲಲ್ಲೇ ಹೇಳ್ತೀನಿ: ಯಾರ ಹಾಗಾದ್ರೂ ಇರ್ಲಿ, ನಮ್ಮನೇದೇ."