ಬೆಳ್ತಂಗಡಿ ಪೇಟೆ ಎಲ್ಲಿಯವರೆಗೆ

ಲಾಯಿಲದ ನಾವು ಉಪ್ಪು ತರಲು ಹೊರಟರೂ ಪಕ್ಕದ ಬೆಳ್ತಂಗಡಿಯ ಕಡೆಗೆ ಕೈ ತೋರಿಸಿ ‘ಪೇಟೆಗೆ’ ಎನ್ನುತ್ತೇವೆ. ಮೂಡುಬಿದಿರೆಯ ಮದುವೆಮನೆಯಲ್ಲಿ ಯಾರಾದರೂ ಊರು ಕೇಳಿದರೆ, ಹಿಂದುಮುಂದು ನೋಡದೆ ‘ಬೆಳ್ತಂಗಡಿ’ ಎನ್ನುತ್ತೇವೆ. ಇದರಲ್ಲಿ ಸುಳ್ಳೇನೂ ಇಲ್ಲ. ಕೇಳುವವರು ಎಷ್ಟು ದೂರದವರೋ ನಮ್ಮ ಊರು ಅಷ್ಟು ದೊಡ್ಡದಾಗುತ್ತದೆ. ಅದೇ ಮಾತು ಛಾಪಾ ಕಾಗದದ ಮೇಲೆ ಕೂತರೆ ಏನಾಗುತ್ತದೆ ಎಂಬುದನ್ನು ನಾನು ತಿಳಿದದ್ದು ನನ್ನ ಅಣ್ಣನಿಂದ. ಅವನು ತೀರಿಕೊಂಡು ಎರಡು ತಿಂಗಳಾಯಿತು.

ನಯಾಪೈಸೆ ಬರುವ ಮೊದಲು ಅಣ್ಣನಿಗೆ ಬೆಳ್ತಂಗಡಿಯಲ್ಲಿ ಬಸ್ಸು ನಿಲ್ಲುವಲ್ಲಿ ಚಾದ ಹೋಟೆಲು ಇತ್ತು. ಒಲೆಯ ಹೊಗೆಗೆ ದಮ್ಮು ಹೆಚ್ಚಿ, ಅದನ್ನು ಹೆಸರು ಸಮೇತ ಸೇಸಪ್ಪಣ್ಣನಿಗೆ ಮಾರಿದ. ಮಾರಿದವರು ಹತ್ತು ವರ್ಷ ಬೆಳ್ತಂಗಡಿ ಪೇಟೆಯಲ್ಲಿ ಹೋಟೆಲು ನಡೆಸಬಾರದೆಂದು ಪತ್ರದಲ್ಲಿತ್ತು. ಎರಡು ವರ್ಷದಲ್ಲಿ ದಮ್ಮು ಇಳಿಯಿತು. ಸುಮ್ಮನೆ ಕೂರುವುದು ಅಣ್ಣನಿಗೆ ದಮ್ಮಿಗಿಂತ ಕಷ್ಟವಾಯಿತು. ಲಾಯಿಲದ ನಮ್ಮ ಮನೆಯ ಜಗಲಿಯಲ್ಲಿ ಎರಡು ಬೆಂಚು ಹಾಕಿ ಚಾ, ಬನ್ಸ್ ಶುರು ಮಾಡಿದ. ಸೇಸಪ್ಪಣ್ಣ ದಾವೆ ಹಾಕಿದರು.

ಬಂಟ್ವಾಳದ ನಮ್ಮ ವಕೀಲರು ಅಣ್ಣನನ್ನು ಕೂರಿಸಿ ಹೇಳಿದರು: “ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಕೋರ್ಟು ಕೇಳುವುದಿಲ್ಲ ರಾಮಣ್ಣ. ಬರೆದದ್ದನ್ನು ನೋಡ್ತದೆ. ಅದರಲ್ಲಿ ಗೊತ್ತಾಗದಿದ್ದರೆ ಆ ಷರತ್ತು ಯಾತಕ್ಕೆ ಹಾಕಿದ್ದು ಅಂತ ನೋಡ್ತದೆ. ಲಾಯಿಲ ಬೇರೆ ಗ್ರಾಮ ಅಂತ ನಕ್ಷೆ ಉಂಟು, ನಮಗೆ ಅದೇ ಸಾಕು. ನೀವು ಹೆಚ್ಚು ಮಾತಾಡಬೇಡಿ.”

“ನಾನು ಯಾವಾಗ ಹೆಚ್ಚು ಮಾತಾಡಿದ್ದು?” ಎಂದ ಅಣ್ಣ. ವಕೀಲರು, ತಂಗಿಯೆಂದು ಜೊತೆಗೆ ಹೋಗಿದ್ದ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಕೊಡೆಯನ್ನು ನೋಡಿದೆ.

ವಿಚಾರಣೆಯ ದಿನ ಎದುರು ವಕೀಲರು ನಕ್ಷೆಯ ಸುದ್ದಿಗೇ ಬರಲಿಲ್ಲ. “ನಿಮ್ಮ ಜಗಲಿಗೆ ಯಾರೆಲ್ಲ ಬರ್ತಾರೆ?” ಎಂದಷ್ಟೇ ಕೇಳಿದರು. ‘ದಾರಿಹೋಕರು’ ಎಂದಿದ್ದರೆ ಮುಗಿಯುತ್ತಿತ್ತು. ಅಣ್ಣನ ಮುಖ ಅರಳಿತು. “ಮೊದಲ ಬಸ್ಸಿನ ಡ್ರೈವರು ಕೊರಗಪ್ಪ, ಅವನಿಗೆ ಸಕ್ಕರೆ ಕಡಿಮೆ. ಕಚೇರಿಯ ಗುಮಾಸ್ತರು, ಅವರಿಗೆ ಹಾಲು ಬೇರೆ ಕೊಡಬೇಕು...”

“ಇವರೆಲ್ಲ ಮೊದಲು ಪೇಟೆಯ ಹೋಟೆಲಿಗೆ ಬರ್ತಿದ್ದವರೋ?”

“ಮತ್ತೆ? ಹೊಸಬರ ಸಕ್ಕರೆ ಇಷ್ಟು ಬೇಗ ಗೊತ್ತಾಗ್ತದಾ ಸ್ವಾಮಿ?”

ಮುನ್ಸೀಫರೂ ನಕ್ಕರು. ನಮ್ಮ ವಕೀಲರೊಬ್ಬರೇ ನಗಲಿಲ್ಲ. ಹೊರಗೆ ಬಂದು, “ಒಂದು ‘ನೆನಪಿಲ್ಲ’ ಹೇಳಿದ್ದರೆ ಆಗ್ತಿತ್ತಲ್ಲ ಮಾರಾಯ್ರೆ!” ಎಂದರು.

“ನೆನಪಿಲ್ಲ ಅಂದರೆ ನಾಳೆ ಕೊರಗಪ್ಪನ ಮುಖ ಹೇಗೆ ನೋಡುವುದು?” ಎಂದ ಅಣ್ಣ.

ತೀರ್ಪನ್ನು ವಕೀಲರಿಂದ ಎರಡು ಸಲ ಓದಿಸಿ ಕೇಳಿದೆ. ಗ್ರಾಮದ ಗಡಿ ಸರಕಾರವು ಕಂದಾಯಕ್ಕೆಂದು ಎಳೆದದ್ದು. ಇಬ್ಬರು ವ್ಯಾಪಾರಿಗಳು ಪೇಟೆ ಎಂದು ಬರೆಯುವಾಗ ಅವರ ಕಣ್ಣೆದುರು ಇದ್ದದ್ದು ಗಡಿಯಲ್ಲ, ಗಿರಾಕಿಗಳು. ಹಳೆಯ ಗಿರಾಕಿ ಒಂದು ಚಾಕ್ಕಾಗಿ ನಡೆದು ಬರುವಷ್ಟು ದೂರವೂ ಈ ಷರತ್ತಿನ ಮಟ್ಟಿಗೆ ಪೇಟೆಯೇ. ನನಗೆ ಸಿಟ್ಟು ಬಂತು, ಆದರೆ ತಪ್ಪು ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ.

ಬೆಂಚುಗಳು ಒಳಗೆ ಹೋದವು. ಆಮೇಲೆ ಹಳಬರು ಬರಿಯ ನೆಂಟರ ಹಾಗೆ ಬಂದರೂ ಅಣ್ಣ ಪಾತ್ರೆ ಮುಟ್ಟುತ್ತಿರಲಿಲ್ಲ. “ನೀನೇ ಮಾಡು” ಎಂದು ನನಗೆ ಹೇಳಿ ಮಾತಿಗೆ ಕೂರುತ್ತಿದ್ದ. ಸೋತ ಮುನಿಸು ಎಂದುಕೊಂಡೆ. ಐದು ವರ್ಷವೂ ಹಾಗೆಯೇ ಅಂದುಕೊಂಡಿದ್ದೆ. ಪತ್ರದ ಎಂಟನೆಯ ವರ್ಷದಲ್ಲಿ ದಮ್ಮು ಮರಳಿ ಬಂದು ಅವನನ್ನು ಕರೆದೊಯ್ದಿತು.

ಹದಿಮೂರನೆಯ ದಿನ, ಉತ್ತರಕ್ರಿಯೆಯ ಬೊಜ್ಜಕ್ಕೆ, ಸೇಸಪ್ಪಣ್ಣ ಹೋಟೆಲಿಗೆ ಬಾಗಿಲು ಹಾಕಿ ಬಂದರು. ಊಟವಾದ ಮೇಲೆ ನನ್ನ ಬಳಿ ನಿಂತು ಹೇಳಿದರು: “ಡಿಕ್ರಿಯಾದ ಮೇಲೆ ನಾನೇ ಕರೆದಿದ್ದೆ ಅಕ್ಕ, ನಮ್ಮ ಹೋಟೆಲಿನಲ್ಲೇ ಬಂದು ಕೂತುಕೊಳ್ಳಿ ಅಂತ. ರಾಮಣ್ಣ ಕೇಳಬೇಕಲ್ಲ! ‘ಹತ್ತು ವರ್ಷ ಅಂದರೆ ಹತ್ತು ವರ್ಷ. ಮನೆಗೆ ಬಂದವರಿಗೂ ನಾನು ಚಾ ಮಾಡುವುದಿಲ್ಲ ಸೇಸಪ್ಪ. ಕುಡಿದರೆ ನಾಳೆಯೂ ಇಲ್ಲಿಗೇ ಬಂದಾರು, ನಿನ್ನ ವ್ಯಾಪಾರ ಹೋದೀತು’ ಅಂದರು.”

ಕೋರ್ಟು ಕೇಳಿದ್ದು ಅಷ್ಟನ್ನಲ್ಲ. ಆ ಪತ್ರವನ್ನು ಮುನ್ಸೀಫರಿಗಿಂತ ಬಿಗಿಯಾಗಿ ಓದಿಕೊಂಡವನು ನನ್ನ ಮನೆಯಲ್ಲೇ ಇದ್ದ. ಅವನ ಮನಸ್ಸಿನಲ್ಲಿ ಏನಿದೆ ಎಂದು ಕೇಳದಿರಲು ಕೋರ್ಟಿಗೆ ಕಾನೂನಿನ ಕಾರಣವಿತ್ತು. ನನಗೆ ಯಾವ ಕಾರಣವೂ ಇರಲಿಲ್ಲ.

“ಷರತ್ತು ಮಾರಿದವರಿಗೆ ಮಾತ್ರ, ನಿಮಗಿಲ್ಲ,” ಎಂದರು ಸೇಸಪ್ಪಣ್ಣ. “ಜಗಲಿಯಲ್ಲಿ ನೀವು ಚಾ ಶುರು ಮಾಡಿ ಅಕ್ಕ. ನನ್ನ ತಕರಾರಿಲ್ಲ.”

“ಇನ್ನೂ ಎರಡು ವರ್ಷ ಉಂಟಲ್ಲ,” ಎಂದೆ.

ಅಣ್ಣ ಓದಿದ್ದೇ ಸರಿ ಎನಿಸಿ ಹಾಗೆ ಹೇಳಿದ್ದಲ್ಲ. ಅವನು ಓದಿದ ಹಾಗೆ ನಡೆಯುವವರು ಇನ್ನೊಬ್ಬರಾದರೂ ಇರಲಿ ಎನಿಸಿತು.