ರೆಕಾರ್ಡಿನ ಅಡಿಯ ಕಂಬಳಿ

ಅತ್ತಿಗುಪ್ಪೆಯ ನಮ್ಮ ಮನೆಯ ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಡಿನ ಜೊತೆ ಮೋಟಾರಿನ ಗುಂಯ್ ಸದ್ದೂ ಕೇಳುತ್ತಿತ್ತು. ತಿರುಗುವ ತಟ್ಟೆಗೆ ರಬ್ಬರ್ ಹಾಸಿದೆ, ಹಾಡು ಮಂಕಾಯಿತು. ಕಾರ್ಕ್ ಹಾಸಿದೆ, ದರಿದ್ರದ್ದು ಪುಡಿ ಉದುರಿಸಿತು. ಉಣ್ಣೆಯದೇ ಆಗಬೇಕು ಅನ್ನಿಸಿತು. ಮಂಡಿನೋವಿನಿಂದ ಅಪ್ಪ ಕುರ್ಚಿಯಲ್ಲಿ ಕೂತೇ ಲಿಂಗಪೂಜೆ ಮಾಡುತ್ತಿದ್ದರು. ಇನ್ನು ನೆಲದ ಮೇಲೆ ಕೂರುವುದುಂಟೇ ಎಂದುಕೊಂಡು, ಅವರು ಪೂಜೆಗೆ ಹಾಸಿಕೊಳ್ಳುತ್ತಿದ್ದ ಕಂಬಳಿಯನ್ನು ಅವರಿಗೆ ಹೇಳದೆಯೇ ದುಂಡಗೆ ಕತ್ತರಿಸಿ ಹಾಸಿದೆ. ಗುಂಯ್ ಸದ್ದು ನಿಂತಿತು.

ಈಗ ಅಪ್ಪನ ಮಂಡಿ ವಾಸಿಯಾಗಿದೆ. ಕಂಬಳಿ ಹುಡುಕಿ ಸಿಗದೆ ಬರಿ ನೆಲದಲ್ಲೇ ಪೂಜೆಗೆ ಕೂರುತ್ತಾರೆ. ನಿನ್ನೆ ಹಾಡು ಕೇಳಿ ತಲೆದೂಗಿದರು.

"ಎಷ್ಟು ಚೆನ್ನಾಗಿ ಕೇಳ್ತಿದೆಯೋ! ಏನ್ ಹಾಕ್ದೆ?"

"ಉಣ್ಣೆ ಮ್ಯಾಟು ಅಪ್ಪ, ಆನ್‌ಲೈನ್‌ನಲ್ಲಿ ತರಿಸ್ದೆ," ಎಂದೆ.

"ಹಂಗಾದ್ರೆ ನಂಗೂ ಒಂದು ತರಿಸ್ಕೊಡೋ. ಪೂಜೆಗೆ ಕೂತ್ರೆ ನೆಲ ತಣ್ಣಗೆ ಕೊರೆಯುತ್ತೆ."