ಎಮ್ಮಿ ಕೇಳಾಕ ಬರ್ತಿದ್ದಾಕಿ

ಮಂಜಿಗೆ ನೆನೆದ ಕರಿ ಕಂಬಳಿಯ ವಾಸನೆ ಎಲ್ಲಿ ಬಂದರೂ ಕುಲಗೋಡದ ನಮ್ಮ ಮನೆಯ ಒಂದು ಬೆಳಗು ಎದುರಿಗೆ ಬಂದು ನಿಲ್ಲುತ್ತದೆ. ಅವತ್ತು ಪಡಸಾಲೆಯಲ್ಲಿ ಇದ್ದವರನ್ನೆಲ್ಲ ಈಗಲೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕಟ್ಟೆಯ ಮೇಲೆ ಅಜ್ಜ, ಅವನ ಬಾಜೂಕ್ಕೆ ನನ್ನ ಅಪ್ಪ, ಕಂಬಕ್ಕೆ ಒರಗಿದ ಕಾಕಾ, ಅಡುಗೆಮನೆಯ ಹೊಸ್ತಿಲೊಳಗೆ ಅವ್ವ. ಅವ್ವನ ಬೆನ್ನ ಹಿಂದೆ, ಬಾಗಿಲ ಮರೆಯಲ್ಲಿ, ಸೆರಗಿನ ಅಂಚು ಮಾತ್ರ ಕಾಣುವಂತೆ ನಿಂತಿದ್ದವಳು ಆಯಿ, ಅಂದರೆ ಅಪ್ಪನನ್ನೂ ಕಾಕಾನನ್ನೂ ಹೆತ್ತ ಸತ್ಯವ್ವ. ಅಂಗಳದಲ್ಲಿ ಎತ್ತಿನ ಮೇಲಿಂದ ಇಳಿಯದೆಯೇ, ಕಾಲಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದವನು ಹೆಳವರ ನಿಂಗಪ್ಪ. ನಮ್ಮ ಸೀಮೆಯವರಿಗೆ ಹೆಳವರು ಯಾರೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಮನೆತನಗಳ ವಂಶವನ್ನು ಬಾಯಲ್ಲಿಟ್ಟುಕೊಂಡು, ಜೋಳದ ರಾಶಿ ಮುಗಿದ ಮೇಲೆ ಮನೆಮನೆಗೆ ಬಂದು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಯಾವ ಊರಿಂದ ಯಾರು ಸೊಸೆಯಾಗಿ ಬಂದರು ಎಂದು ರಾಗ ತೆಗೆದು ಹೇಳಿ, ಮೊರದ ತುಂಬ ಕಾಳು ಹಾಕಿಸಿಕೊಂಡು ಹೋಗುವವರು ಅವರು.

ನಿಂಗಪ್ಪ ಏಳು ತಲೆಯ ಹಿಂದಿನಿಂದ ಇಳಿದಿಳಿದು ಅಜ್ಜನ ಹೆಸರಿಗೆ ಬಂದ. “ಮಲ್ಲಪ್ಪಗ ಮೊದಲ ಹೇಣ್ತಿ ಪಾರವ್ವ, ಮಕ್ಕಳಿಲ್ಲದ ಹೋದಾಕಿ. ಆಕಿ ಬೆನ್ನ ಹಿಂದ ಸತ್ಯವ್ವನ ಹುಡುಕಿ ತಂದರ...” ನನ್ನ ಕಿವಿಗೆ ಬಿದ್ದದ್ದು ಹಾಗೆ. ಅಷ್ಟರಲ್ಲಿ ಅಜ್ಜ, “ಸಾಕ ಮಾಡೋ ನಿಂಗ್ಯಾ” ಅಂದ. ರಾಗ ಕಡಿಯಿತು. ಬಾಗಿಲ ಮರೆಯ ಸೆರಗಿನ ಅಂಚು ಒಳಗೆ ಸರಿಯಿತು. ಅಜ್ಜ ನಿಂಗಪ್ಪನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಹೆಣ್ಣುಗರುವಿನ ಹಗ್ಗ ಬಿಚ್ಚಿ ಕೈಗೆ ಕೊಟ್ಟು, “ಇನ್ನ ಮುಂದ ಆ ಮಾತ ನುಂಗಬೇಕ ನೀ” ಅಂದದ್ದನ್ನು ನಾನು ಹಿಂದೆ ಹಿಂದೆ ಓಡಿ ಹೋಗಿ ಕೇಳಿದೆ. ನಿಂಗಪ್ಪ ಕರುವಿನ ಮೈ ಸವರುತ್ತ, “ಹಾಲ ಇದ್ರ ನುಂಗೂದು ಹಗರ ಆಗ್ತೈತ್ರಿ ಯಜಮಾನ್ರ” ಎಂದು ನಕ್ಕ. ಆ ನಗೆಯನ್ನು ಈಗ ನೆನೆದರೆ ಅಜ್ಜನ ಮೇಲಿನಷ್ಟೇ ಅವನ ಮೇಲೂ ಸಿಟ್ಟು ಬರುತ್ತದೆ.

ಆದರೆ ಆಗ ನನಗೆ ಸಿಟ್ಟಿರಲಿಲ್ಲ, ಜಂಬವಿತ್ತು. ಬೇರೆಯವರ ಆಯಿಗಳನ್ನು ಸುಮ್ಮನೆ ತಂದುಕೊಂಡಿದ್ದರು, ನಮ್ಮ ಆಯಿಯನ್ನು ಮಾತ್ರ ಹುಡುಕಿ ತಂದಿದ್ದರು. ಸಾಲಿಯಲ್ಲಿ ಗೆಳತಿಯರಿಗೆಲ್ಲ ಇದನ್ನು ಹೇಳಿಕೊಂಡು ಬಂದೆ. ಹುಡುಕಿ ತರುವಂಥವಳೇ ಇದ್ದಳು ನಮ್ಮ ಆಯಿ. ಅವಳ ಸೆರಗಿಗೆ ಕಾಯಿಸಿದ ಬೆಣ್ಣೆಯದೂ ಒಲೆಯ ಬೂದಿಯದೂ ಕೂಡಿದ ವಾಸನೆ. ಅವಳು ರೊಟ್ಟಿ ಬಡಿಯತೊಡಗಿದರೆ ಓಣಿಯ ತುದಿಗೆ ಸಪ್ಪಳ ಕೇಳುತ್ತಿತ್ತು, ಆ ಸಪ್ಪಳದ ತಾಳಕ್ಕೇ ಒಗಟು ಕಟ್ಟಿ ನಮ್ಮನ್ನು ಕಾಡುತ್ತಿದ್ದಳು, ಉತ್ತರ ಹೇಳಿದವರಿಗೆ ಮೊದಲ ಬಿಸಿ ರೊಟ್ಟಿ. ನಾನು ಇವತ್ತು ನಾಲ್ಕು ಮಾತು ನೆಟ್ಟಗೆ ಆಡುತ್ತೇನೆಂದರೆ ಅದು ಆ ಒಲೆಯ ಮುಂದೆ ಕಲಿತದ್ದು. ಇಷ್ಟೆಲ್ಲ ಬಾಯಿದ್ದ ಹೆಂಗಸು ಪಡಸಾಲೆಗೆ ಅರಿಶಿನ ಕುಂಕುಮದ ಬಟ್ಟಲು ಬಂತೆಂದರೆ ಹಿತ್ತಲಿಗೆ ನಡೆದುಬಿಡುತ್ತಿದ್ದಳು. ಮನೆಯ ಲಗ್ನಗಳಲ್ಲಿ ಹೋಳಿಗೆಯ ಕಣಕವೆಲ್ಲ ಅವಳೇ ನಾದಬೇಕು, ಆರತಿ ಮಾತ್ರ ಬೇರೆಯವರು ಎತ್ತಬೇಕು. ಯಾರಿಗೂ ಅವಳು ಉಡಿ ತುಂಬಿದ್ದನ್ನು ನಾನು ಕಂಡಿರಲಿಲ್ಲ. ಹಿರಿಯರ ಹಬ್ಬಕ್ಕೆ ಎಡೆಯ ಮುಂದೆ ಸೀರೆ ಇಟ್ಟು, ಮನೆಯ ತಾಯಿ ಎಂದು ಕೈ ಮುಗಿಯುತ್ತಿದ್ದದ್ದು ಯಾವಾಗಲೋ ತೀರಿಹೋದ ಪಾರವ್ವನ ಹೆಸರಿಗೆ. “ನೀ ಯಾಕ ಮುಂದ ಬರೂದಿಲ್ಲಾಯಿ” ಅಂದರೆ, “ಎಮ್ಮಿಗೆ ನೀರ ಕುಡಸಬೇಕವಾ” ಅನ್ನುತ್ತಿದ್ದಳು. ಆ ಎಮ್ಮೆಗೆ ಎಷ್ಟು ನೀರಡಿಕೆಯಪ್ಪಾ ಅಂದುಕೊಳ್ಳುತ್ತಿದ್ದೆ ನಾನು.

ಅದೇ ಎಮ್ಮೆಯನ್ನು ಕೇಳಿಕೊಂಡು ವರ್ಷಕ್ಕೊಮ್ಮೆ ಒಬ್ಬ ಹೆಂಗಸು ಬರುತ್ತಿದ್ದಳು. ಪಂಚಮಿ ಹಬ್ಬವೆಂದರೆ ನಮ್ಮಲ್ಲಿ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಕಾಲ. ಓಣಿಯ ಬೇವಿನ ಮರಗಳಿಗೆಲ್ಲ ಜೋಕಾಲಿ, ಮನೆ ತುಂಬ ಹುರಿದ ಶೇಂಗಾದ, ಅಳ್ಳಿಟ್ಟಿನ ಉಂಡಿಗಳ ವಾಸನೆ. ಆ ಗದ್ದಲದ ನಡುವೆ ಇವಳು ಗೋಕಾಕದ ಬಸ್ಸಿಗೆ ಇಳಿದು, ಮುಂದಿನ ಓಣಿಗೆ ಬರದೆ, ಹಿತ್ತಲ ಬಾಗಿಲಲ್ಲಿ ನಿಂತು, “ಎಮ್ಮಿ ಮಾರೂದೈತೇನ್ರಿ?” ಎಂದು ಕೇಳುವಳು. ಆಯಿ ಕೈ ಒರೆಸಿಕೊಳ್ಳುತ್ತ, “ಬಾ, ನೋಡಿ ಹೋಗು” ಅನ್ನುವಳು. ಇಬ್ಬರೂ ಮೇವು ಹಾಕುವ ಗೋದಲಿಯ ಹಿಂದೆ ಕೂತು ಹೊತ್ತು ಏರುವವರೆಗೆ ಎಮ್ಮೆ ನೋಡುವರು. ವ್ಯಾಪಾರ ಮಾತ್ರ ಕುದುರುತ್ತಿರಲಿಲ್ಲ. ನಾವು ಹುಡುಗರು ಅವಳಿಗೆ ‘ಎಮ್ಮಿ ಕೇಳಾಕಿ’ ಎಂದೇ ಹೆಸರಿಟ್ಟಿದ್ದೆವು. “ಏನಬೇ, ಈ ವರ್ಷರ ಒಯ್ತೀಯೋ ಇಲ್ಲೋ?” ಎಂದು ಕಾಡಿದರೆ, “ಅದರ ಕೋಡ ನೆಟ್ಟಗಾಗ್ಲಿ ತಡೀರಿ, ಹೊಡಕೊಂಡ ಹೋಗ್ತೀನಿ” ಅನ್ನುವಳು. ಒಂದು ಪಂಚಮಿಗೆ ನಾನು ಹೊಟ್ಟಿನ ಗುಂಪಿಯ ಹಿಂದೆ ಅಡಗಿ ಕೂತಿದ್ದಾಗ, ಯಾರಿಗೂ ಉಡಿ ತುಂಬದ ನಮ್ಮ ಆಯಿ ಆ ಹೆಂಗಸಿನ ಸೆರಗು ಹಿಡಿದು ಜೋಳ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ, ಒಂದು ಕೆಂಪು ಖಣ ಹಾಕಿ ಉಡಿ ತುಂಬುವುದನ್ನು ಕಂಡೆ. ಎಮ್ಮೆ ಕೊಳ್ಳಲು ಬಂದವರಿಗೆ ಹೀಗೆ ಮಾಡುವ ಪದ್ಧತಿ ಇರಬೇಕು ಎಂದುಕೊಂಡೆ.

ಆಯಿ ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಆ ಸಲದ ಪಂಚಮಿಗೂ ಎಮ್ಮಿ ಕೇಳಾಕಿ ಬಂದಳು. ಹಿತ್ತಲ ಬಾಗಿಲಲ್ಲಿ ಅಜ್ಜನೇ ನಿಂತಿದ್ದ. ಕಾಕಾ ಹಾಲಿನ ಬಕೀಟು ಹಿಡಿದು ಎಮ್ಮೆಯ ಬಾಜೂಕ್ಕಿದ್ದ. ನಾನು ಗೋದಲಿಯ ಕಟ್ಟೆಯ ಮೇಲೆ ಕೂತಿದ್ದೆ. ಅವಳು ಅಜ್ಜನ ಭುಜದಾಚೆ ಒಳಗೆ ಕಣ್ಣು ಹಾಯಿಸುತ್ತ, “ಎಮ್ಮಿ ಮಾರೂದೈತೇನ್ರಿ?” ಅಂದಳು.

“ಎಮ್ಮಿ ಸತ್ತೈತಿ. ಇನ್ನ ಬರಬ್ಯಾಡ” ಅಂದ ಅಜ್ಜ.

ಎಮ್ಮೆ ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ಅಜ್ಜ ಯಾಕೆ ಸುಳ್ಳು ಹೇಳುತ್ತಾನೆಂದು ನಾನು ಕಾಕಾನ ಮುಖ ನೋಡಿದೆ. ಕಾಕಾ ಬಕೀಟಿನೊಳಗೆ ನೋಡುತ್ತಿದ್ದ. ಆ ಹೆಂಗಸು ಎಮ್ಮೆಯನ್ನೊಮ್ಮೆ ನೋಡಿ, ಅಜ್ಜನನ್ನೊಮ್ಮೆ ನೋಡಿ, ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತಳು. ಅಳಲಿಲ್ಲ. ಬಗಲಲ್ಲಿದ್ದ ಉಂಡಿಯ ಗಂಟನ್ನು ಹೊಸ್ತಿಲ ಮೇಲೆ ಇಟ್ಟು ಹೋದಳು. ಆ ಉಂಡಿಗಳನ್ನು ನಾವೇ ತಿಂದೆವು.

ಆ ಮನೆ ಈಗಿಲ್ಲ. ಅಜ್ಜನ ನಂತರ ಪಾಲಾಯಿತು, ತೊಲೆ ಕಂಬ ಯಾರ್ಯಾರೋ ಒಯ್ದರು, ಗೋದಲಿ ಇದ್ದ ಜಾಗದಲ್ಲಿ ಕಬ್ಬು ಬೆಳೆಯುತ್ತದೆ. ನನ್ನನ್ನು ಮೂಡಲಗಿಗೆ ಕೊಟ್ಟರು. ಅಪ್ಪ ಹೋದ ಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ. ಕಾಕಾನ ಮಗ ಶಿವಾನಂದ ಗೋಕಾಕದಲ್ಲಿ ಸಿಮೆಂಟಿನ ವ್ಯಾಪಾರ ಮಾಡಿ ದೊಡ್ಡ ಮನೆ ಕಟ್ಟಿಸಿದ. ಮನೆ ಶಾಂತಿಗೆ ಕರೆಯುವ ಮುಂಚೆ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಕರಿ ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಕೆತ್ತಿಸಿದ ನಮ್ಮ ವಂಶವೃಕ್ಷ. ನಿಂಗಪ್ಪನ ಮಗನನ್ನು ಕರೆಸಿ, ಹೇಳಿಸಿ, ಅವನು ಹೇಳಿದಂತೆಯೇ ಕೆತ್ತಿಸಿದ್ದನಂತೆ. ನಾನು ಕೊಂಬೆ ಕೊಂಬೆ ಹುಡುಕಿದೆ. ಮಲ್ಲಪ್ಪ, ಅವನ ಜೊತೆಗೆ ಪಾರವ್ವ, ಅವರಿಬ್ಬರ ಕೆಳಗೆ ನಾಲ್ಕು ಮಕ್ಕಳಾಗಿ ನನ್ನ ಅಪ್ಪ, ಕಾಕಾ, ಇಬ್ಬರು ಅತ್ತೆಯರು. ಮಕ್ಕಳಿಲ್ಲದೆ ಹೋದವಳಿಗೆ ನಾಲ್ಕು ಮಕ್ಕಳು ಹುಟ್ಟಿದ್ದವು. ಆಯಿ ಎಲ್ಲೂ ಇರಲಿಲ್ಲ. ಕರುವಿನ ಬೆಲೆಗೆ ನುಂಗಿದ ಮಾತು ಕಲ್ಲಾಗಿ ಬಂದು ಕೂತಿತ್ತು.

“ಆಯಿನ ಅವ್ರು ಹುಡುಕಿ ತಂದಿದ್ರು, ಇವ ಕಳದ ಕುಂತಾನ ನೋಡವಾ” ಎಂದು ಅವ್ವನಿಗೆ ಫೋಟೋ ತೋರಿಸಿದೆ. ಬೇಳೆ ಆರಿಸುತ್ತಿದ್ದ ಅವ್ವನ ಕೈ ನಿಂತಿತು.

“ಹುಡುಕಿ ಅಂದ್ಯಾ?”

“ಹೆಳವ ಹಂಗ ಹೇಳಿದ್ನಲ್ಲ.”

“ಹುಚ್ಚಿ, ಹುಡುಕಿ ಅಲ್ಲ” ಅಂದಳು ಅವ್ವ. “ಉಡಿಕಿ.”

ಉಡಿಕಿ ಎಂದರೆ ಗಂಡ ಸತ್ತವಳು ಇನ್ನೊಬ್ಬ ಗಂಡಸು ಕೊಟ್ಟ ಸೀರೆ ಉಟ್ಟು ಅವನ ಮನೆಗೆ ನಡೆಯುವುದು. ವಾಲಗವಿಲ್ಲ, ಅಕ್ಕಿಕಾಳಿಲ್ಲ, ಮುತ್ತೈದೆಯರು ಎದುರು ಬರುವುದಿಲ್ಲ. ಹೋದವಳು ಆ ಮನೆಯಲ್ಲಿ ಹೆರಬಹುದು, ನಾದಬಹುದು, ಬಡಿಯಬಹುದು. ಶುಭಕ್ಕೆ ಕೈ ಹಚ್ಚುವಂತಿಲ್ಲ. ಹೋಗುವಾಗ ಮೊದಲ ಗಂಡನ ಮನೆಯ ತಾಳಿಯನ್ನೂ ಮಕ್ಕಳನ್ನೂ ಅಲ್ಲೇ ಇಟ್ಟು ಹೋಗಬೇಕು. ಹುಕ್ಕೇರಿ ಕಡೆಯ ನಿಡಸೋಸಿಯಲ್ಲಿ ಆಯಿ ಬಿಟ್ಟು ಬಂದದ್ದು ಹಾಲು ಕುಡಿಯುವ ಒಂದು ಹೆಣ್ಣು ಕೂಸನ್ನು. “ಎಮ್ಮಿ ಕೇಳಾಕ ಬರ್ತಿದ್ಲಲ್ಲ” ಎಂದಳು ಅವ್ವ, ಮೊರದ ಕಡೆ ನೋಡುತ್ತ, “ಆಕೀನ ಆ ಕೂಸು. ಚಿನ್ನವ್ವ.”

ಓದುವವರೇ, ಆವಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಾಯಿ ಸತ್ತ ಸುದ್ದಿಯನ್ನು ಮಗಳಿಗೆ “ಎಮ್ಮಿ ಸತ್ತೈತಿ” ಎಂದು ಹೇಳಿದ ನಾಲಿಗೆ ಎಂಥದಿರಬೇಕು? ಅದೇ ಅಜ್ಜ ದಿನಾ ಬೆಳಗ್ಗೆ ಮೈ ತೊಳೆದು, ಹಣೆ ತುಂಬ ವಿಭೂತಿ ಬಳಿದು, ಲಿಂಗಪೂಜೆ ಮಾಡದೆ ಬಾಯಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಮೇಲು ಕೀಳಿಲ್ಲವೆಂದ ಬಸವಣ್ಣನ ಪಟವಿದ್ದ ಮನೆಯಲ್ಲೇ ಕರು ಕೊಟ್ಟು ಹೆಂಡತಿಯ ಹೆಸರನ್ನು ನುಂಗಿಸಿದ. ನಾಲ್ಕು ಮಕ್ಕಳು ತಾಯಿಯ ರೊಟ್ಟಿ ಉಂಡು ಬೆಳೆದು, ಹಬ್ಬಕ್ಕೆ ಬೇರೆ ತಾಯಿಗೆ ಕೈ ಮುಗಿದರು. ಅವರಲ್ಲಿ ನನ್ನ ಅಪ್ಪನೂ ಒಬ್ಬ. ಅವನನ್ನು ಬಿಟ್ಟು ಸಿಟ್ಟಾಗಲು ನನಗೆ ಬರುವುದಿಲ್ಲ. ನಿಮ್ಮ ಮನೆಯ ವಂಶ ಹೇಳುವಾಗಲೂ ರಾಗ ಎಲ್ಲಿಯೋ ಒಂದು ಕಡೆ ಕಡಿದಿದ್ದೀತು. ಬಾಗಿಲ ಮರೆಗೊಮ್ಮೆ ನೋಡಿರಿ.

ನಾನು ನಿಡಸೋಸಿಗೆ ಹೋದೆ. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಕರದಂಟು ಕಟ್ಟಿಸಿಕೊಂಡೆ. ಮೊಮ್ಮಕ್ಕಳ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಮುದುಕಿಗೆ ಕುಲಗೋಡದಿಂದ ಬಂದೀನಿ ಅಂದೆ. ಅವಳು ಹಣೆಗೆ ಕೈ ಮರೆ ಮಾಡಿ ಬಹಳ ಹೊತ್ತು ನೋಡಿದಳು.

“ಎಮ್ಮಿ ಕೊಡಾಕ ಬಂದಿಯೇನ?”

ಪೊಟ್ಟಣ ಮುಂದೆ ಹಿಡಿದೆ. “ಹಲ್ಲಿಲ್ಲದಾಕಿಗೆ ಕರದಂಟ ತಂದಿಯಲ್ಲ, ನಿಮ್ಮಜ್ಜನ ಮೊಮ್ಮಗಳ ಖರೆ ನೀ” ಎಂದು ನಕ್ಕು, ನನ್ನ ಕೈ ಎಳೆದು ಬಾಜೂಕ್ಕೆ ಕೂಡಿಸಿಕೊಂಡಳು. ಆಮೇಲೆ ಇಷ್ಟು ವರ್ಷ ಯಾರೂ ಅವಳಿಗೆ ಹೇಳದೆ ಇದ್ದದ್ದನ್ನು ಕೇಳಿದಳು. “ನಮ್ಮವ್ವ ಹೆಂಗ ಹೋದ್ಲು?” ನಾನು ಕಂಡಷ್ಟು ಹೇಳಿದೆ: ಮೂರು ದಿನ ಜ್ವರ, ಬಾಯಿಗೆ ನೀರು ಬಿಟ್ಟದ್ದು, ಹೊಲದ ಬದುವಿಗೆ ಮಣ್ಣು ಮಾಡಿದ್ದು. “ಹೋಗೂ ಮುಂದ ಯಾರನರ ಕೇಳಿದ್ಲೇನ?” ಅಂದಳು. ನನಗೆ ಗೊತ್ತಿರಲಿಲ್ಲ. ಸುಳ್ಳು ಹೇಳದೆ ಹಾಗೆಯೇ ಅಂದೆ.

ಶಿವಾನಂದನ ಮನೆ ಶಾಂತಿಗೆ ನಾನು ಅವಳನ್ನು, ಈಗ ನನಗೆ ಚಿನ್ನವ್ವತ್ತಿಯಾದವಳನ್ನು, ಕರೆದುಕೊಂಡೇ ಹೋದೆ. ಪಡಸಾಲೆಯ ಕಲ್ಲಿಗೆ ಸೇವಂತಿಗೆಯ ಮಾಲೆ ಹಾಕಿದ್ದರು, ಮೇಲೊಂದು ದೀಪ. ಓದು ಬಾರದ ಚಿನ್ನವ್ವತ್ತಿ ಕಲ್ಲಿನ ಮುಂದೆ ನಿಂತು, “ಎಲ್ಲೈತಿ ನಮ್ಮವ್ವನ ಹೆಸರು? ನನ್ನ ಬಟ್ಟ ಹಿಡದ ಅದರ ಮ್ಯಾಲ ಇಡು” ಎಂದು ಬೆರಳು ಚಾಚಿದಳು. ಮನೆ ತುಂಬ ಬೀಗರು. ನಾನು ಆ ಕೈಯನ್ನು ಹಿಡಿದುಕೊಂಡೇ ಶಿವಾನಂದನ ಕಡೆ ತಿರುಗಿದೆ. ಅವನು ಬಳಿ ಬಂದು ದನಿ ತಗ್ಗಿಸಿದ. “ಅಕ್ಕಾ, ನಾಳಿ ನನ್ನ ಮಕ್ಕಳ ಲಗ್ನ ಆಗೂವು ಅದಾವ. ಹಳೇ ಹುಣ್ಣ ಯಾಕ ಕೆರೀತಿ?”

“ಹುಣ್ಣ ಅಂತೀಯಲ್ಲೋ” ಅಂದೆ ನಾನು, ದನಿ ತಗ್ಗಿಸದೆ. “ಆ ಹುಣ್ಣಿನ ಹೊಟ್ಯಾಗ ನಿಮ್ಮಪ್ಪ ಹುಟ್ಯಾನ. ಅಲ್ಲೇ ಕುಂತಾನ, ಕೇಳು.”

ಕಾಕಾ ಕುರ್ಚಿಯಲ್ಲಿ ಕೂತಿದ್ದ. ಮುದುಕನಾಗಿದ್ದ. ಅಂದು ಬಕೀಟಿನೊಳಗೆ ನೋಡಿದಂತೆಯೇ ಇಂದು ತನ್ನ ಕಾಲಬೆರಳು ನೋಡಿದ. ಚಿನ್ನವ್ವತ್ತಿ ತಮ್ಮನನ್ನೊಮ್ಮೆ ನೋಡಿ, “ಹೋಳಿಗಿ ವಾಸನಿ ಚಲೋ ಬರಾಕತ್ತೈತಿ. ನಾ ಉಣ್ಣಂಗಿಲ್ಲ. ನಡೀವಾ” ಅಂದಳು. ಇಬ್ಬರೂ ಉಣ್ಣದೆ ಬಂದೆವು. ಆ ಕಲ್ಲು ಇನ್ನೂ ಅಲ್ಲಿಯೇ ಇದೆ, ಅದರ ಮೇಲೆ ಪಾರವ್ವನ ಹೆಸರೇ ಇದೆ.

ಈ ಪಂಚಮಿಗೆ ಚಿನ್ನವ್ವತ್ತಿಯನ್ನು ಮೂಡಲಗಿಗೆ ಕರೆತಂದೆ. ಪಡಸಾಲೆಯ ನಟ್ಟ ನಡುವೆ ಮಣೆ ಹಾಕಿ ಕೂಡಿಸಿದೆ. ಬರಿ ಹಣೆಯ ನನ್ನ ಅವ್ವ, ಗಂಡ ಸತ್ತವರು ಇದನ್ನು ಮಾಡಬಾರದೆಂದು ತಿಳಿದೂ ತಿಳಿದೂ, ಜೋಳ, ಕೊಬ್ಬರಿ, ಬೆಲ್ಲ, ಎಲೆ, ಒಂದು ಕೆಂಪು ಖಣ ಹಾಕಿ ಅವಳ ಉಡಿ ತುಂಬಿದಳು. ಅಷ್ಟು ಹೊತ್ತಿಗೆ ಹಿತ್ತಲ ಬಾಗಿಲು ಸಪ್ಪಳಾಯಿತು. ನಾನು ಹೋಗಿ ತೆರೆದೆ. ಕಾಕಾ ಒಬ್ಬನೇ ನಿಂತಿದ್ದ, ಬಗಲಲ್ಲಿ ಒಂದು ಗಂಟು. ನನ್ನ ಮುಖ ನೋಡಲಿಲ್ಲ.

“ಎಮ್ಮಿ ಮಾರೂದೈತೇನ್ರಿ?” ಅಂದ.

ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಅವನನ್ನು ಒಳಗೆ ಕರೆಯುವ ಮನಸ್ಸೂ ನನಗಿರಲಿಲ್ಲ. ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತೆ. ಒಳಗಿಂದ, ಉಡಿ ಹಿಡಿದುಕೊಂಡು ಕೂತಲ್ಲಿಂದಲೇ, ಚಿನ್ನವ್ವತ್ತಿ ಕೂಗಿದಳು.

“ಮುಂದಿನ ಬಾಗಲಿಲೆ ಬಾರೋ ತಮ್ಮಾ.”

ಕಾಕಾ ಗೋಡೆ ಹಿಡಿದುಕೊಂಡು, ಓಣಿಯನ್ನು ಸುತ್ತಿ, ಮುಂದಿನ ಬಾಗಿಲಿಗೆ ಬಂದ.